ಸೋನೆ ನಡೆಯಲು ಕಲಿತ ಏಳು ತಿಂಗಳು

ಮೂರು ವಾರದ ಹಿಂದೆ, ಒಂದು ಭಾನುವಾರ ರಾತ್ರಿ ಹನ್ನೊಂದೂವರೆಗೆ, ನನ್ನ ಲ್ಯಾಪ್‌ಟಾಪಿನ ಪರದೆ ಮೇಲೆ ಪುಟ್ಟ ಹುಡುಗಿಯೊಬ್ಬಳು ಮಳೆಗೆಂದು ತಲೆ ಮೇಲಿಂದ ಕಂಬಳಿ ಕೊಪ್ಪೆ ಹೊದ್ದು ಎಡದಿಂದ ಬಲಕ್ಕೆ ನಡೆದುಹೋದಳು. ಎತ್ತರ 27 ಪಿಕ್ಸೆಲ್, ಅಗಲ 17. ಇಡೀ ಮೈಗೆ ಐದೇ ಬಣ್ಣ, ನಡಿಗೆಗೆ ಆರು ಚಿತ್ರ. ಅವಳ ಹೆಸರು ಸೋನೆ. ಜೂನ್ ಮೊದಲ ವಾರ ಶುರು ಮಾಡಿದ್ದು, ಮುಗಿದಾಗ ಡಿಸೆಂಬರ್. ಆ ರಾತ್ರಿ ಎಷ್ಟು ಸಲ ಅವಳನ್ನು ನಡೆಸಿ ನೋಡಿದೆನೋ ಲೆಕ್ಕವಿಲ್ಲ. ಕಣ್ಣು ಒದ್ದೆಯಾಗಿದ್ದು ನಿಜ.

ಪಿಕ್ಸೆಲ್ ಆರ್ಟ್ ಅಂದರೆ ಹಳೇ ವಿಡಿಯೊ ಗೇಮ್‌ಗಳಲ್ಲಿ ಇರುತ್ತಿತ್ತಲ್ಲ, ಚೌಕ ಚೌಕವಾಗಿ ಕಾಣುವ ಚಿತ್ರ, ಅದು. ಒಂದೊಂದು ಚೌಕವನ್ನೂ, ಅಂದರೆ ಪಿಕ್ಸೆಲನ್ನೂ, ಕೈಯಾರೆ ಇಡಬೇಕು. ಇದನ್ನು ಕಲಿಯಬೇಕೆಂದು ಹೊರಟಾಗ ಹೆಜ್ಜೆ ಹೆಜ್ಜೆಯಾಗಿ ಕನ್ನಡದಲ್ಲಿ ಹೇಳುವವರು ನನಗೆ ಯಾರೂ ಸಿಗಲಿಲ್ಲ. ನಾನು ಎಲ್ಲೆಲ್ಲಿ ಸಿಕ್ಕಿಬಿದ್ದೆ ಎಂದು ಬರೆದಿಟ್ಟರೆ ಮುಂದೆ ಬರುವವರಿಗೆ ಒಂದೆರಡು ತಿಂಗಳಾದರೂ ಉಳಿದೀತು.

ನಾನಿರುವುದು ಶಿವಮೊಗ್ಗದ ಗೋಪಾಳದಲ್ಲಿ, ಬಾಡಿಗೆ ರೂಮು. ಕೆಲಸ ಆಡಿಟರ್ ಆಫೀಸಿನಲ್ಲಿ. ಊರು ತೀರ್ಥಹಳ್ಳಿ ಹತ್ತಿರ, ಶನಿವಾರ ಸಂಜೆ ಬಸ್ಸು ಹಿಡಿದು ಹೋಗುತ್ತೇನೆ. ಚಿತ್ರ ಬಿಡಿಸಿ ಅಭ್ಯಾಸವಿರಲಿಲ್ಲ. ಜೂನಿನ ಒಂದು ಮಧ್ಯಾಹ್ನ, ಮಳೆ ಹೊಡೆದು ಆಫೀಸಿಗೆ ಯಾರೂ ಬಾರದೆ ಇದ್ದಾಗ, ಎಕ್ಸೆಲ್‌ನಲ್ಲಿ ಕಾಲಮ್‌ಗಳನ್ನೆಲ್ಲ ಕಿರಿದು ಮಾಡಿ ಚೌಕಗಳಿಗೆ ಬಣ್ಣ ತುಂಬುತ್ತಾ ಕೂತೆ. ಒಂದು ಕೊಡೆ ಬಂತು. ಕೊಡೆ ಕೆಳಗೆ ಎರಡು ಕಾಲು ಬಂತು. ಮನೆಗೆ ಹೋದಮೇಲೂ ಆ ಕಾಲುಗಳು ಯಾರವು ಎಂದೇ ಯೋಚನೆ. ಹಾಗೆ ಹತ್ತಿದ ಹುಚ್ಚು ಇದು.

ಎಕ್ಸೆಲ್ ಒಂದು ವಾರಕ್ಕೆ ಸಾಕಾಯಿತು. ಆಮೇಲೆ ಪಿಸ್ಕೆಲ್ ಅಂತ ಬ್ರೌಸರಿನಲ್ಲೇ ತೆರೆಯುವ ಉಚಿತ ತಂತ್ರಾಂಶ ಸಿಕ್ಕಿತು. ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಮೊದಲ ತಿಂಗಳು ಒಂದು ಪೈಸೆ ಖರ್ಚು ಮಾಡಬೇಡಿ, ಅದರಲ್ಲೇ ಕೈ ಪಳಗಿಸಿ. ನಾನು ಅವಸರ ಮಾಡಿದೆ. ಎಲ್ಲರೂ ಹೊಗಳುವ ಏಸ್‌ಪ್ರೈಟ್ ತಂತ್ರಾಂಶವೇ ಬೇಕು ಅನ್ನಿಸಿ ಅದರ ಪ್ರಯೋಗದ ಆವೃತ್ತಿ ಇಳಿಸಿಕೊಂಡು ಒಂದು ಶನಿವಾರ ಮೂರು ಗಂಟೆ ಕೂತು ಚಿತ್ರ ಮಾಡಿದೆ. ಕೊನೆಗೆ ಉಳಿಸಲು ಹೋದರೆ ಉಳಿಯದು. ಪ್ರಯೋಗದ ಆವೃತ್ತಿಯಲ್ಲಿ ಸೇವ್ ಮಾಡಲು ಬರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದೇ ಇತ್ತು, ನಾನು ಓದಿರಲಿಲ್ಲ. ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು, ಅದನ್ನು ನೋಡಿಕೊಂಡು ಮತ್ತೆ ಪಿಸ್ಕೆಲ್‌ನಲ್ಲಿ ಚೌಕ ಎಣಿಸಿ ಇಟ್ಟೆ.

ಕೊಳ್ಳೋಣ ಎಂದರೆ ಅದರ ಬೆಲೆ ಸುಮಾರು 20 ಡಾಲರ್. ಕಾರ್ಡ್ ಹಾಕಿದೆ, ತಿರಸ್ಕಾರ. ಮತ್ತೆ ಹಾಕಿದೆ, ಮತ್ತೆ ತಿರಸ್ಕಾರ. ಮೂರು ದಿನ ಖಾತೆಯಲ್ಲೇ ಏನೋ ತೊಂದರೆ ಎಂದುಕೊಂಡಿದ್ದೆ. ವಿಷಯ ಏನೆಂದರೆ, ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಂದ ಬಂದ್ ಆಗಿಯೇ ಬರುತ್ತದೆ, ಬೇಕಾದವರು ತಾವೇ ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ ಒಳಗೆ ಹೋಗಿ ಚಾಲೂ ಮಾಡಿ, ಮಿತಿಯನ್ನು ಎರಡು ಸಾವಿರಕ್ಕೆ ಇಟ್ಟು, ಕೊಂಡಮೇಲೆ ಮತ್ತೆ ಬಂದ್ ಮಾಡಿದೆ. ನೀವೂ ಹಾಗೇ ಮಾಡಿ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಲಿಬ್ರೆಸ್ಪ್ರೈಟ್ ಇದೆ. ಏಸ್‌ಪ್ರೈಟ್ 2016ರಲ್ಲಿ ಪರವಾನಗಿ ಬದಲಿಸುವ ಮೊದಲು ಮುಕ್ತವಾಗಿದ್ದ ಕೋಡಿನಿಂದ ಕವಲೊಡೆದದ್ದು ಅದು, ಪೂರ್ತಿ ಉಚಿತ. ಸೋನೆಯಂಥ ಒಂದು ಪಾತ್ರಕ್ಕೆ ಅಷ್ಟೇ ಧಾರಾಳ ಸಾಕು.

ಇನ್ನೊಂದು ದಂಡದ ಖರ್ಚು ಡ್ರಾಯಿಂಗ್ ಟ್ಯಾಬ್ಲೆಟ್. ದುರ್ಗಿಗುಡಿಯ ಅಂಗಡಿಯೊಂದರಲ್ಲಿ 3,200 ರೂಪಾಯಿ ಕೊಟ್ಟು ತಂದೆ. ನಾನು ಚಿತ್ರ ಬಿಡಿಸುವ 32ಕ್ಕೆ 32ರ ಹಾಳೆಯಲ್ಲಿ ಒಟ್ಟು 1,024 ಚೌಕ ಅಷ್ಟೇ. ಅಲ್ಲಿ ಬೇಕಾಗುವುದು ಒಂದೇ ಚೌಕದ ಮೇಲೆ ನಿಲ್ಲುವ ಕೈ. ಪೆನ್ನು ನಡುಗುತ್ತದೆ, ಮೌಸು ನಿಲ್ಲುತ್ತದೆ. ಈಗ ಟ್ಯಾಬ್ಲೆಟ್ ತಮ್ಮನ ಹತ್ತಿರ ಇದೆ, ನನ್ನದು 450 ರೂಪಾಯಿಯ ಮೌಸು.

ಜುಲೈ ಪೂರ್ತಿ ರಿಟರ್ನ್ಸ್ ಹಂಗಾಮು. ರಾತ್ರಿ ಒಂಬತ್ತಕ್ಕೆ ರೂಮಿಗೆ ಬಂದು ಊಟ ಮಾಡಿ ಬಿದ್ದುಕೊಳ್ಳುವುದು, ಅಷ್ಟೇ. ಎರಡು ಭಾನುವಾರ ಮಾತ್ರ ಕೂತೆ. ಎರಡನೆಯ ಭಾನುವಾರ ಊರಲ್ಲಿದ್ದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು, ವೈರು ಹಾಕಿದರೆ ಮಾತ್ರ ನಡೆಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಗಾಳಿ ಎದ್ದು ಲೈನಿನ ಮೇಲೆ ಮರ ಬಿತ್ತು. ಕರೆಂಟ್ ಹೋದದ್ದು ಸರಿಯಾಗಿ ನಾನು ಫೈಲ್ ಉಳಿಸುತ್ತಿದ್ದ ಗಳಿಗೆಯಲ್ಲಿ. ನಾಲ್ಕು ದಿನ ಬಿಟ್ಟು ಬಂತು. ಫೈಲ್ ತೆರೆಯಲೇ ಇಲ್ಲ. ಜೂನಿನಿಂದ ಮಾಡಿದ್ದೆಲ್ಲ ಆ ಒಂದೇ ಫೈಲಿನಲ್ಲಿತ್ತು.

ಕರೆಂಟ್ ಹೋದ ರಾತ್ರಿ ಫೈಲಿನ ಚಿಂತೆಯಲ್ಲಿ ಊಟ ಸೇರಲಿಲ್ಲ. ಅಮ್ಮ ಏನಾಯಿತೆಂದು ಕೇಳಿದರೆ ಹೇಳಲೂ ಬಾರದು. ಮರುದಿನ ಆಫೀಸಿಗೆ ರಜೆ ಹಾಕಿ ಊರಲ್ಲೇ ಉಳಿದೆ. ತಮ್ಮನ ಹಳೇ ಗ್ರಾಫ್ ಪುಸ್ತಕ ಅಟ್ಟದ ಮೇಲಿತ್ತು. ಅದನ್ನು ತಂದು, ಸೀಮೆಎಣ್ಣೆ ಬುಡ್ಡಿ ಪಕ್ಕ ಇಟ್ಟುಕೊಂಡು, ಪೆನ್ಸಿಲಿನಲ್ಲಿ ಚೌಕ ತುಂಬತೊಡಗಿದೆ. ಆಮೇಲೆ ಗೊತ್ತಾಯಿತು, ಆ್ಯಪಲ್ ಕಂಪನಿಯ ಮೊದಲ ಮ್ಯಾಕಿಂಟೋಷ್ ಕಂಪ್ಯೂಟರಿಗೆ ಐಕಾನ್‌ಗಳನ್ನು ರೂಪಿಸಿದ ಸೂಸನ್ ಕೇರ್ ಅವರೂ ಗ್ರಾಫ್ ಹಾಳೆಯಲ್ಲೇ, 32ಕ್ಕೆ 32 ಚೌಕದಲ್ಲೇ ಶುರು ಮಾಡಿದ್ದರಂತೆ. 1984ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರ ಅದು. ಅದನ್ನು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಕತ್ತಲೆಯ ಆ ದಿನಗಳಲ್ಲಿ ಪುಸ್ತಕದ ಹನ್ನೆರಡು ಪುಟ ತುಂಬಿದವು, ಕೊಡೆ ಹೋಗಿ ಕಂಬಳಿ ಕೊಪ್ಪೆ ಬಂತು. ಮಳೆಯಲ್ಲಿ ಗದ್ದೆ ಬದು ನೋಡಿ ಬಂದ ಅಪ್ಪಯ್ಯ ಜಗಲಿ ಮೇಲೆ ಕೂತು ತನ್ನ ಶಾಲೆಯ ದಿನದ ಕತೆ ಹೇಳಿದ್ದರಿಂದ ಬಂದದ್ದು ಅದು. ಆಗೆಲ್ಲ ಮಕ್ಕಳಿಗೆ ಕೊಡೆ ಎಲ್ಲಿ, ಕಂಬಳಿ ಕೊಪ್ಪೆಯೇ.

ಊರಿಂದ ಬಂದವಳೇ 2,400 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಈ ಹವ್ಯಾಸಕ್ಕೆ ಮಾಡಿದ ಖರ್ಚಿನಲ್ಲಿ ನಿಜವಾಗಿ ಬೇಕಾಗಿದ್ದದ್ದು ಇದೊಂದೇ. ಮತ್ತೆ ಮಲೆನಾಡಿನವರಿಗೆ ಒಂದು ಮಾತು: ದಿನಕ್ಕೊಂದು ಹೊಸ ಹೆಸರಿನಲ್ಲಿ ಫೈಲ್ ಉಳಿಸಿ, ಸೋನೆ 01, ಸೋನೆ 02 ಅಂತ. ಇಷ್ಟು ಚಿಕ್ಕ ಫೈಲುಗಳಿಗೆ ಜಾಗವೇ ಬೇಡ. ವಾರಕ್ಕೊಮ್ಮೆ ಪೆನ್ ಡ್ರೈವ್‌ಗೂ ಹಾಕಿಡಿ. ನನ್ನಲ್ಲೀಗ ಸೋನೆ 94 ಇದೆ.

ಆಗಸ್ಟ್‌ನಲ್ಲಿ ಗ್ರಾಫ್ ಪುಸ್ತಕದಿಂದ ಪರದೆಗೆ ತಂದೆ. ಬಣ್ಣ ತುಂಬಿ, ಸುತ್ತ ಕಪ್ಪು ಗೆರೆ ಎಳೆದು, ಅಂಚಲ್ಲಿ ಕತ್ತಲು ನಡುವೆ ಬೆಳಕು ಕೊಟ್ಟು ನೋಡಿದರೆ ಅವಳು ಹತ್ತಿ ತುಂಬಿದ ತಲೆದಿಂಬಿನ ಹಾಗೆ ಕಂಡಳು. ಈ ತಪ್ಪಿಗೆ ಹೆಸರೇ ಪಿಲ್ಲೊ ಶೇಡಿಂಗ್. ಬೆಳಕು ಎಲ್ಲಿಂದ ಬರುತ್ತಿದೆ ಎಂದು ನಿರ್ಧರಿಸದೆ ನೆರಳು ಹಾಕಿದರೆ ಎಲ್ಲರಿಗೂ ಹೀಗೇ ಆಗುತ್ತದೆ. ನನ್ನ ಬೆಳಕು ಈಗ ಎಡ ಮೇಲಿನಿಂದ ಬರುತ್ತದೆ, ಎಲ್ಲ ಚಿತ್ರದಲ್ಲೂ.

ಅದಕ್ಕಿಂತ ದೊಡ್ಡ ತೊಂದರೆ ಆಕಾರದ್ದು. ಪಾತ್ರವನ್ನು ಪೂರ್ತಿ ಕಪ್ಪು ಮಾಡಿ, ಅದೇನೆಂದು ಬೇರೆಯವರಿಗೆ ಗೊತ್ತಾಗುತ್ತದೋ ಇಲ್ಲವೋ ನೋಡಬೇಕು ಎಂದು ಎಲ್ಲ ಕಡೆ ಹೇಳುತ್ತಾರೆ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿ, "ಹುಲ್ಲಿನ ಗೊಣಬೆ ಅಲ್ಲನೆ ಇದು?" ಅಂದರು. ಸರಿಯೇ ಹೇಳಿದ್ದರು. ಕೊಪ್ಪೆ ತ್ರಿಕೋನ, ಗೊಣಬೆಯೂ ತ್ರಿಕೋನ. ನಾನು ಮುಖ ಮತ್ತು ಲಂಗ ಬಣ್ಣದಲ್ಲಿ ಕಾಣುತ್ತವೆ ಎಂದು ನಂಬಿ ಆಕಾರವನ್ನೇ ಮರೆತಿದ್ದೆ. ಒಂದು ವಾರ ಆ ಕಪ್ಪು ಆಕಾರವನ್ನೇ ತಿದ್ದಿದೆ. ಮೂಗು ಕೊಪ್ಪೆಯಿಂದ ಒಂದು ಪಿಕ್ಸೆಲ್ ಆಚೆ ಬಂತು. ಕಾಲುಗಳ ನಡುವೆ ಎರಡು ಪಿಕ್ಸೆಲ್ ಬಯಲು ಬಿಟ್ಟೆ. ಕೊಪ್ಪೆಯ ತುದಿಯನ್ನು ಹಿಂದಕ್ಕೆ ಸ್ವಲ್ಪ ಬಾಗಿಸಿದೆ. ಇನ್ನೂ ಬೆನ್ನಿನ ಗೆರೆ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. ಎಣಿಸಿ ನೋಡಿದರೆ ಎರಡು ಕೆಳಗೆ ಒಂದು ಪಕ್ಕಕ್ಕೆ, ಒಂದು ಕೆಳಗೆ ಒಂದು ಪಕ್ಕಕ್ಕೆ, ಮೂರು ಕೆಳಗೆ ಒಂದು ಪಕ್ಕಕ್ಕೆ, ಹೀಗೆ ಎಲ್ಲ ಕಲಸಿಹೋಗಿತ್ತು. ಮೇಲಿಂದ ಒಂದು, ಒಂದು, ಎರಡು, ಎರಡು, ಮೂರು, ನಾಲ್ಕು ಎಂದು ಕ್ರಮವಾಗಿ ಉದ್ದ ಮಾಡುತ್ತ ಹೋದೆ. ಗೆರೆ ನೀರಿನ ಹಾಗೆ ಇಳಿಯಿತು. ಪಿಕ್ಸೆಲ್ ಚಿತ್ರದಲ್ಲಿ ನನಗೆ ತೀರಾ ಖುಷಿ ಕೊಟ್ಟ ಗಳಿಗೆಗಳಲ್ಲಿ ಇದೊಂದು. ಮುಂದಿನ ಭಾನುವಾರ ಮತ್ತೆ ಅಮ್ಮನಿಗೆ ತೋರಿಸಿದೆ. "ಕೊಪ್ಪೆ ಹಾಕ್ಕಂಡ ಕೂಸು" ಅಂದರು, ಕನ್ನಡಕ ಇಲ್ಲದೆ.

ಮುಖಕ್ಕೆ ಸಿಕ್ಕಿದ್ದು ಅಡ್ಡ ಐದು ಪಿಕ್ಸೆಲ್, ಉದ್ದ ಆರು. ಬಾಯಿ ಇಟ್ಟರೆ ಗಡ್ಡದ ಹಾಗೆ ಕಾಣುತ್ತದೆ. 1981ರಲ್ಲಿ ಗೇಮ್ ವಿನ್ಯಾಸಕ ಶಿಗೆರು ಮಿಯಾಮೊಟೊ ಮಾರಿಯೊ ಪಾತ್ರ ಮಾಡುವಾಗ ಬಾಯಿ ಬಿಡಿಸುವ ಬದಲು ಮೀಸೆ ಇಟ್ಟರು, ಕೂದಲಿನ ತಾಪತ್ರಯವೇ ಬೇಡವೆಂದು ಟೋಪಿ ಹಾಕಿದರು ಎಂಬುದು ಎಲ್ಲರೂ ಹೇಳುವ ಸಂಗತಿ. ನನಗೆ ಆ ಟೋಪಿಯ ಕೆಲಸವನ್ನು ಕೊಪ್ಪೆ ಮಾಡಿಕೊಟ್ಟಿತು. ಬಾಯಿಯನ್ನು ಕೈಬಿಟ್ಟೆ. ಉಳಿದದ್ದು ಕಣ್ಣು, ಒಂದರ ಮೇಲೊಂದು ಎರಡು ಕಪ್ಪು ಪಿಕ್ಸೆಲ್. ಅವನ್ನು ಒಂದು ಪಿಕ್ಸೆಲ್ ಕೆಳಗಿಳಿಸಿದರೆ ನಾಚಿಕೆ, ಮೇಲಿಟ್ಟರೆ ಅಚ್ಚರಿ, ಎರಡಿದ್ದದ್ದು ಒಂದಾದರೆ ನಿದ್ದೆ. ಒಂದು ಇಡೀ ಸಂಜೆ ಆ ಎರಡು ಚೌಕಗಳನ್ನೇ ಸರಿಸುತ್ತ ಕೂತಿದ್ದೆ. ಕೊನೆಗೆ ಒಂದು ಪಿಕ್ಸೆಲ್ ಕೆಳಗೇ ಇಟ್ಟೆ. ಮಳೆಯಲ್ಲಿ ಹೋಗುವವಳು ದಾರಿ ನೋಡಿಕೊಂಡೇ ಹೋಗುತ್ತಾಳೆ.

ಸೆಪ್ಟೆಂಬರನ್ನು ನಾನು ಯಕ್ಷಗಾನದ ವೇಷಕ್ಕೆ ಕಳೆದುಕೊಂಡೆ. ಸೋನೆಗೆ ಜೊತೆ ಬೇಕೆಂದು ಕೇದಗೆ ಮುಂದಲೆ ಕಟ್ಟಿದ ವೇಷಧಾರಿಯನ್ನು ಅದೇ 32ರ ಚೌಕದಲ್ಲಿ ತರಲು ಹೋದೆ. ಮುಂದಲೆಯೇ ಹದಿನೈದು ಪಿಕ್ಸೆಲ್ ನುಂಗಿತು, ಮುಖಕ್ಕೆ ಉಳಿದದ್ದು ಮೂರು. ಭುಜಕೀರ್ತಿ, ಎದೆಕಟ್ಟು, ವೀರಗಸೆ ಎಲ್ಲ ಒಡವೆಯೂ ಸೇರಿ ಬಣ್ಣದ ಕಸದ ಹಾಗಾಯಿತು. 48ಕ್ಕೆ ಏರಿಸಿದೆ, 64ಕ್ಕೆ ಏರಿಸಿದೆ. ಆಗ ಪಕ್ಕದಲ್ಲಿ ಸೋನೆ ಇಟ್ಟರೆ ಇಬ್ಬರೂ ಬೇರೆ ಬೇರೆ ಲೋಕದವರು. ಪಿಕ್ಸೆಲ್ ಗಾತ್ರ ಒಂದೇ ಇರಬೇಕು, ಒಬ್ಬರನ್ನು ಹಿಗ್ಗಿಸಿ ಇನ್ನೊಬ್ಬರ ಜೊತೆ ನಿಲ್ಲಿಸುವ ಹಾಗಿಲ್ಲ. ಬಿಟ್ಟುಬಿಟ್ಟೆ. ನೋವಾಯಿತು, ಆದರೆ ಸರಿಯಾದ ನಿರ್ಧಾರ. ಹೊಸಬರು ಮೊದಲ ಪಾತ್ರಕ್ಕೆ ಒಡವೆ ಕಡಿಮೆ ಇರುವವರನ್ನೇ ಆರಿಸಿಕೊಳ್ಳಿ.

ಅಷ್ಟು ಹೊತ್ತಿಗೆ ಸೋನೆಯ ಮೈಮೇಲೆ 31 ಬಣ್ಣ ಸೇರಿತ್ತು. ಕಂಬಳಿ ಒಂದಕ್ಕೇ ಒಂಬತ್ತು ಬಗೆಯ ಬೂದು. ಏನು ಮಾಡಿದರೂ ಚಿತ್ರ ಕೊಳೆಯಾದ ಹಾಗೆ ಕಾಣುತ್ತಿತ್ತು, ಕಾರಣ ಹೊಳೆಯುತ್ತಿರಲಿಲ್ಲ. ಬಣ್ಣ ಕಡಿಮೆ ಮಾಡಿ ಎಂದು ಓದಿದ್ದೆ. ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ 1989ರಲ್ಲಿ ಬಂದಾಗ ಅದರ ಪರದೆಯಲ್ಲಿ ಇದ್ದದ್ದೇ ನಾಲ್ಕು ಛಾಯೆ ಎಂದೂ ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಅಕ್ಟೋಬರಿನಲ್ಲಿ ಆಫೀಸಿನ ಗೆಳತಿಯೊಬ್ಬಳು ಭೂಮಿ ಹುಣ್ಣಿಮೆ ಹಬ್ಬಕ್ಕೆ ಮನೆಗೆ ಕರೆದಳು. ಸಾಗರದ ಕಡೆಯ ದೀವರ ಸಮುದಾಯದ ಮನೆ. ಹುಣ್ಣಿಮೆಗೆ ಎರಡು ದಿನ ಮೊದಲೇ ಹೋದೆ, ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನು ನೋಡಬೇಕಿತ್ತು. ಅವಳ ದೊಡ್ಡಮ್ಮ ಕೆಮ್ಮಣ್ಣು ಬಳಿದ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಪುಂಡಿ ನಾರಿನ ಕುಂಚ ಅಕ್ಕಿಯ ಬಿಳಿಯಲ್ಲಿ ಅದ್ದಿ, ಉಸಿರು ಹಿಡಿದು ಒಂದು ಗೆರೆ ಎಳೆಯುತ್ತಿದ್ದರು, ಬಿಡುತ್ತಿದ್ದರು, ಪಕ್ಕದಲ್ಲಿ ಇನ್ನೊಂದು. ಹತ್ತಿರ ಮೂರು ಗೆರಟೆ. ಒಂದರಲ್ಲಿ ಅರೆದ ಅಕ್ಕಿಯ ಬಿಳಿ, ಒಂದರಲ್ಲಿ ಹುರಿದು ಕರಕು ಮಾಡಿದ ಅಕ್ಕಿಯ ಕಪ್ಪು, ಒಂದರಲ್ಲಿ ಗುರಿಗೆ ಕಾಯಿಯ ಹಳದಿ. ಬುಟ್ಟಿಯ ಕೆಂಪು ಸೇರಿ ನಾಲ್ಕು. ಅಷ್ಟರಲ್ಲೇ ಮನುಷ್ಯರು, ಪೈರು, ಏಣಿ, ತೇರು ಎಲ್ಲ ಇದ್ದವು.

ನಾನು ಕೇಳಿದೆ, "ದೊಡ್ಡಮ್ಮ, ಬೇರೆ ಬಣ್ಣ ಹಾಕದೇ ಇಲ್ವಾ?"

"ಎಂತಕ್ಕೆ? ಇದ್ರಲ್ಲಿ ಕಾಣ್ತ ಇಲ್ವ ನಿಂಗೆ?" ಅಂದರು. ತಲೆ ಎತ್ತಲಿಲ್ಲ.

ರೂಮಿಗೆ ಬಂದ ರಾತ್ರಿಯೇ 31 ಬಣ್ಣವನ್ನೂ ಅಳಿಸಿದೆ. ಕಪ್ಪು, ಬಿಳಿ, ಕೆಮ್ಮಣ್ಣು, ಹಳದಿ. ಕಂಬಳಿಗೆಂದು ಒಂದು ನೀಲಿ ಬೆರೆತ ಬೂದು, ಐದನೆಯದು. ಇಲ್ಲಿ ಒಂದು ಸಂಗತಿ ಕೈಗೆ ಸಿಕ್ಕಿತು. ಮೈಬಣ್ಣಕ್ಕೆ ಬೇರೆ ಬಣ್ಣವೇ ಬೇಕಾಗಲಿಲ್ಲ. ಹಳದಿಯನ್ನು ಸ್ವಲ್ಪ ಮಂಕು ಮಾಡಿದರೆ ಬೆಳಕು ಬಿದ್ದ ಕೆನ್ನೆ, ಲಂಗದ ಕೆಮ್ಮಣ್ಣೇ ಕೆನ್ನೆಯ ನೆರಳು. ನೆರಳು ಎಂದರೆ ಅದೇ ಬಣ್ಣಕ್ಕೆ ಕಪ್ಪು ಬೆರೆಸುವುದು ಎಂದು ತಿಳಿದಿದ್ದೆ, ಅದರಿಂದಲೇ ಕೊಳೆ ಬರುತ್ತಿದ್ದದ್ದು. ನೆರಳಿಗೆ ಹೋಗುವಾಗ ಬಣ್ಣವೇ ಪಕ್ಕದ ಬಣ್ಣದ ಕಡೆ ವಾಲಬೇಕು. ಏಸ್‌ಪ್ರೈಟ್‌ನಲ್ಲಿ ಇಂಡೆಕ್ಸ್ಡ್ ಎನ್ನುವ ಬಗೆಯಲ್ಲಿ ಕೆಲಸ ಮಾಡಿದರೆ ನೀವು ಇಟ್ಟ ಐದು ಬಣ್ಣದ ಆಚೆ ಕೈ ಹೋಗುವುದೇ ಇಲ್ಲ. ಮೊದಲ ದಿನದಿಂದಲೇ ಹಾಗೆ ಇಟ್ಟುಕೊಳ್ಳಿ.

ನವೆಂಬರ್ ಪೂರ್ತಿ ನಡಿಗೆಯದ್ದು. ಅನಿಮೇಶನ್ ಪುಸ್ತಕಗಳ ಲೆಕ್ಕದಲ್ಲಿ ಒಂದು ಹೆಜ್ಜೆಗೆ ನಾಲ್ಕು ಸ್ಥಿತಿ: ಕಾಲು ನೆಲ ಮುಟ್ಟುವುದು, ಮೈ ಕುಸಿಯುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ಮೈ ಏಳುವುದು. ಎಡಗಾಲು ಮುಂದಾದಾಗ ಬಲಗೈ ಮುಂದು. ಎಲ್ಲ ಸರಿಯಾಗಿ ಮಾಡಿ, ಎಂಟು ಚಿತ್ರ ಜೋಡಿಸಿ, ಒಂದೊಂದಕ್ಕೆ 100 ಮಿಲಿಸೆಕೆಂಡ್ ಇಟ್ಟು ಅಪ್ಪಯ್ಯನಿಗೆ ತೋರಿಸಿದೆ. ಅವರು ಸುಮಾರು ಹೊತ್ತು ನೋಡಿದರು.

"ಇದು ಪರೇಡ್ ಮಾಡ್ದಂಗೆ ಉಂಟಲ್ಲೆ. ಕೊಪ್ಪೆ ಹಾಕ್ಕಂಡು ಯಾರು ಕೈ ಬೀಸ್ತಾರೆ?"

ಎದ್ದು ಅಟ್ಟ ಹತ್ತಿದರು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಕರಿ ಕಂಬಳಿ ಇಳಿಸಿ, ಒಂದು ಮೂಲೆ ಮಡಚಿ ತಲೆ ಮೇಲೆ ಎಳೆದುಕೊಂಡು, ಅಡಿಕೆ ಒಣಗಲು ಹಾಕಿದ್ದ ಅಂಗಳದ ಬದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ನಾನು ಮೊಬೈಲಿನಲ್ಲಿ ಹಿಡಿದೆ. ಅರವತ್ತೆಂಟು ವರ್ಷದ ಮನುಷ್ಯ, ಮಂಡಿ ನೋವಿದೆ. ಆದರೂ ಕೊಪ್ಪೆ ತಲೆಗೆ ಬಿದ್ದ ಕೂಡಲೇ ನಡಿಗೆಯೇ ಬೇರೆಯಾಯಿತು. ಎರಡೂ ಕೈ ಒಳಗೆ, ಎದೆ ಹತ್ತಿರ ಕಂಬಳಿ ಹಿಡಿದುಕೊಂಡಿವೆ. ತಲೆ ತಗ್ಗಿದೆ. ಹೆಜ್ಜೆ ಚಿಕ್ಕದು, ಜಾರುವ ನೆಲಕ್ಕೆ ಇಡುವ ಹಾಗೆ ಪಾದ ಪೂರ್ತಿ ಊರುತ್ತದೆ. ಮೈ ಮೇಲೆ ಕೆಳಗೆ ಆಡುವುದೇ ಇಲ್ಲ. ಆಡುವುದು ಕಂಬಳಿಯ ಕೆಳ ಅಂಚು. ಅದೂ ಕಾಲಿನ ಜೊತೆಗಲ್ಲ, ಕಾಲು ಹೋದಮೇಲೆ, ಒಂದು ಗಳಿಗೆ ತಡವಾಗಿ.

ಆ ತಡ ಹಿಡಿಯಲು ಎರಡು ವಾರ ಬೇಕಾಯಿತು. ಕೈಗಳನ್ನು ತೆಗೆದುಹಾಕಿದೆ. ಎಂಟು ಚಿತ್ರ ಆರಾಯಿತು. 100 ಮಿಲಿಸೆಕೆಂಡ್ 140 ಆಯಿತು. ಕಂಬಳಿಯ ಅಂಚನ್ನು ಬೇರೆ ಪದರದಲ್ಲಿಟ್ಟು, ಕಾಲು ಮುಂದೆ ಹೋದ ಚಿತ್ರದಲ್ಲಿ ಅದನ್ನು ಹಿಂದೆಯೇ ಉಳಿಸಿ, ಮುಂದಿನ ಚಿತ್ರದಲ್ಲಿ ಒಂದೇ ಒಂದು ಪಿಕ್ಸೆಲ್ ಮುಂದೆ ತಂದೆ. ಹಿಂದಿನ ಚಿತ್ರ ಮಸುಕಾಗಿ ಕೆಳಗೆ ಕಾಣುವ ಆನಿಯನ್ ಸ್ಕಿನ್ ಸೌಲಭ್ಯ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಎರಡು ಪಿಕ್ಸೆಲ್ ಸರಿಸಿದರೆ ಕಂಬಳಿ ರೇಷ್ಮೆಯಾಗುತ್ತಿತ್ತು. ಒಂದಕ್ಕೆ ನಿಲ್ಲಿಸಿದಾಗ ನೆನೆದ ಉಣ್ಣೆಯ ಭಾರ ಬಂತು. ನೀವು ಯಾವ ಪಾತ್ರವನ್ನೇ ನಡೆಸುವುದಿದ್ದರೂ ಮೊದಲು ಆ ಬಟ್ಟೆಯನ್ನು ಯಾರಿಗಾದರೂ ಹಾಕಿಸಿ, ನಡೆಸಿ, ವಿಡಿಯೊ ಮಾಡಿಕೊಳ್ಳಿ. ಆ ಎರಡು ನಿಮಿಷದ ವಿಡಿಯೊದಲ್ಲಿ ನನಗೆ ಸಿಕ್ಕಿದ್ದು ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ.

ಆ ಭಾನುವಾರ ಅವಳು ನಡೆದಳು.

ಅಪ್ಪಯ್ಯನಿಗೆ ಒಂದು ಪ್ರತಿ ಅಚ್ಚು ಹಾಕಿಸಿ ಕೊಡೋಣ ಎಂದುಕೊಂಡೆ. ಇಲ್ಲೂ ಒಂದು ಗುಂಡಿ ಇತ್ತು. ಫೈಲನ್ನು ಮೊಬೈಲಿನಿಂದ ಫೋಟೊ ಎಂದು ಕಳಿಸಿದೆ, ದಾರಿಯಲ್ಲೇ ಕುಗ್ಗಿ ಚೌಕಗಳ ಅಂಚು ಕರಗಿತು. ಅಂಗಡಿಯವರು ಅದನ್ನೇ ಹಿಗ್ಗಿಸಿ ಕಾಗದಕ್ಕೆ ಹಾಕಿದರು. ಸೋನೆ ಮಂಜಿನಲ್ಲಿ ನಿಂತ ಹಾಗೆ ಮಸುಕು. 120 ರೂಪಾಯಿ ಹೋಯಿತು. ಚಿತ್ರವನ್ನು ಯಾವಾಗಲೂ ಪಿಎನ್‌ಜಿ ಬಗೆಯಲ್ಲಿ ಉಳಿಸಿ, ಜೆಪಿಜಿ ಬೇಡ. ಹಿಗ್ಗಿಸುವ ಕೆಲಸವನ್ನು ನೀವೇ ಮಾಡಿಕೊಂಡು ಹೋಗಿ, ಅದೂ 10, 20, 40 ಹೀಗೆ ಪೂರ್ಣ ಸಂಖ್ಯೆಯಷ್ಟು ಪಟ್ಟು, ನಿಯರೆಸ್ಟ್ ನೇಬರ್ ಎನ್ನುವ ಆಯ್ಕೆಯಲ್ಲಿ. 32ನ್ನು 40 ಪಟ್ಟು ಮಾಡಿದರೆ 1,280 ಪಿಕ್ಸೆಲ್. ಇಂಚಿಗೆ 300ರ ಲೆಕ್ಕದಲ್ಲಿ ನಾಲ್ಕು ಇಂಚಿಗೆ ಸ್ವಲ್ಪ ಹೆಚ್ಚು. ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ಎರಡನೇ ಸಲ ಒಂದೊಂದು ಚೌಕವೂ ಹೆಂಚು ಜೋಡಿಸಿದ ಹಾಗೆ ಬಂತು.

ಕೃತಿಸ್ವಾಮ್ಯದ ಬಗ್ಗೆ ಗೆಳತಿ ಕೇಳಿದಳು. ನಮ್ಮ ದೇಶದ 1957ರ ಕಾಯ್ದೆಯಲ್ಲಿ ಸ್ವಂತ ಚಿತ್ರ ಬಿಡಿಸಿದ ಕ್ಷಣದಿಂದಲೇ ಹಕ್ಕು ಇರುತ್ತದೆ, ನೋಂದಣಿ ಕಡ್ಡಾಯವಲ್ಲ. ನಾನು ಮಾಡಿಸಿಲ್ಲ. ದಿನಾಂಕ ಇರುವ 94 ಫೈಲು ಮತ್ತು ಆ ಗ್ರಾಫ್ ಪುಸ್ತಕವನ್ನು ಜೋಪಾನವಾಗಿ ಇಟ್ಟಿದ್ದೇನೆ.

ಚಿತ್ರಕ್ಕೆ ಕಟ್ಟು ಹಾಕಿಸಿ ಕಳೆದ ಶನಿವಾರ ಊರಿಗೆ ಒಯ್ದೆ. ಅಪ್ಪಯ್ಯ ಅದನ್ನು ಜಗಲಿಯ ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದರು, ಮತ್ತೆ ಹತ್ತಿರ ಬಂದು ಬೆರಳಿಟ್ಟು ಕಂಬಳಿಯ ಅಂಚು ಮುಟ್ಟಿದರು.

"ಶಾಲೆಗೆ ಹೋಗ್ತ ಇದಾಳಾ, ಮನೆಗೆ ಬರ್ತ ಇದಾಳಾ?"

"ಮನೆಗೆ, ಅಪ್ಪಯ್ಯ."

"ಹಂಗಾರೆ ನಾಯಿ ಎದುರು ಬರ್ಬೇಕಲ್ಲ."

ರಾತ್ರಿ ಊಟವಾದ ಮೇಲೆ ಗ್ರಾಫ್ ಪುಸ್ತಕದ ಹೊಸ ಪುಟ ತೆರೆದು 16ಕ್ಕೆ 16ರ ಚೌಕ ಗುರುತು ಮಾಡಿದೆ. ಅಪ್ಪಯ್ಯ ಪಕ್ಕದಲ್ಲೇ ಕೂತು, ಬಾಲ ಯಾವ ಕಡೆ ಸುರುಳಿ ಇರಬೇಕು ಎಂದು ಹೇಳುತ್ತಿದ್ದರು.